ನರದ ಉರಿಗೆ ರಕ್ತದಲ್ಲಿ ಸುಳಿವು

ಸೂರತ್ತಿನಲ್ಲಿ ತಾಪಿ ನದಿಯ ಒಂದು ದಡಕ್ಕೆ ಕತಾರ್‌ಗಾಮ್, ವರಾಛಾದ ವಜ್ರದ ಕಾರ್ಖಾನೆಗಳು. ಇನ್ನೊಂದು ದಡಕ್ಕೆ ಅಡಾಜಣ್‌ನ ಮನೆ, ಅಂಗಡಿ, ಆಸ್ಪತ್ರೆಗಳು. ವಜ್ರ ಉಜ್ಜುವ ಚಕ್ರಕ್ಕೆ ಅಲ್ಲಿ ‘ಘಂಟಿ’ ಎನ್ನುತ್ತಾರೆ. ಅದರ ಮುಂದೆ ದಿನವಿಡೀ ಬಗ್ಗಿ ಕೂರುವವರಿಗೆ ಸೊಂಟ ಹಿಡಿಯುವುದು ಹೊಸ ಮಾತಲ್ಲ. ಆದರೆ ನೋವು ಸೊಂಟದಲ್ಲೇ ನಿಲ್ಲದೆ ತೊಡೆಯ ಹಿಂಬದಿಯಿಂದ ಮೀನಖಂಡಕ್ಕೆ, ಅಲ್ಲಿಂದ ಪಾದಕ್ಕೆ ಕರೆಂಟ್ ಹೊಡೆದಂತೆ ಇಳಿದರೆ ಅದು ನರದ ನೋವು, ಸಯಾಟಿಕಾ. ಮಾತ್ರೆ, ವ್ಯಾಯಾಮಕ್ಕೆ ಅದು ಜಗ್ಗದಿದ್ದರೆ ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಕೆಲವರಿಗೆ ಕೆಲವೇ ದಿನಗಳಲ್ಲಿ ಆರಾಮ, ಕೆಲವರಿಗೆ ಏನೇನೂ ಇಲ್ಲ. ಯಾರಿಗೆ ನಾಟುತ್ತದೆ ಎಂಬುದನ್ನು ಸೂಜಿ ಚುಚ್ಚುವ ಮೊದಲೇ ರಕ್ತ ಹೇಳಬಲ್ಲದೆ?

ಬೆನ್ನುಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುತ್ತದೆ ಎಂದು ಅಮೆರಿಕದ ವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್ ಬರೆದದ್ದು 1934ರಲ್ಲಿ. ಒತ್ತಡ ಅರ್ಧ ಕಥೆ ಮಾತ್ರ. ಡಿಸ್ಕಿನ ಒಳಗಿನ ತಿರುಳು ಸೋರಿ ನರದ ಬುಡಕ್ಕೆ ತಗುಲಿದರೆ ಅಲ್ಲಿ ಉರಿಯೂತ ಏಳುತ್ತದೆ, ನರ ಕೆರಳುತ್ತದೆ. ಸ್ಟೀರಾಯ್ಡ್ ತಣಿಸುವುದು ಈ ಉರಿಯೂತವನ್ನು. ಮೂಳೆ ಬೆಳೆದು ನರದ ದಾರಿ ಕಿರಿದಾಗಿದ್ದರೆ ಸ್ಟೀರಾಯ್ಡ್ ಅದನ್ನು ಅಗಲ ಮಾಡಲಾರದು. ಎಂಆರ್‌ಐ ಚಿತ್ರ ಒತ್ತಡವನ್ನು ಚೆನ್ನಾಗಿ ತೋರಿಸುತ್ತದೆ, ಉರಿಯೂತವನ್ನು ಅಷ್ಟಾಗಿ ತೋರಿಸದು. ರಕ್ತದ ಕಡೆ ಕಣ್ಣು ಹೊರಳಿದ್ದು ಅದಕ್ಕೇ.

ರಕ್ತದಲ್ಲಿ ಹುಡುಕುವ ಉರಿಯೂತದ ಗುರುತುಗಳಲ್ಲಿ ಹಳೆಯದೊಂದು ಸಿಆರ್‌ಪಿ ಎಂಬ ಪ್ರೋಟೀನ್. ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಸಂಶೋಧಕರು ಇದನ್ನು ಕಂಡದ್ದು 1930ರಲ್ಲಿ. ಯಕೃತ್ತು ಇದನ್ನು ತಯಾರಿಸುವುದು ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ಪ್ರೋಟೀನಿನ ಕರೆಗೆ ಓಗೊಟ್ಟು. ಸಿಆರ್‌ಪಿಯನ್ನು ಲೀಟರಿಗೆ ಮಿಲಿಗ್ರಾಮ್ ಲೆಕ್ಕದಲ್ಲಿ ಅಳೆದರೆ, ಇಂಟರ್‌ಲ್ಯೂಕಿನ್ನನ್ನು ಅಳೆಯುವುದು ಪಿಕೊಗ್ರಾಮ್‌ನಲ್ಲಿ: ಗ್ರಾಮಿನ ಲಕ್ಷ ಕೋಟಿಯ ಒಂದು ಪಾಲು.

ಇಷ್ಟು ಸಣ್ಣದನ್ನು ಹಿಡಿಯುವ ಕೈಗೆ ಮೊದಲ ಪಾಠ ರಕ್ತ ತೆಗೆಯುವುದು. ತೋಳಿನ ಪಟ್ಟಿ ಹೆಚ್ಚು ಹೊತ್ತು ಬಿಗಿದಿರಬಾರದು. ಸಿರಿಂಜನ್ನು ರಭಸದಿಂದ ಎಳೆದರೆ ಕೆಂಪು ಕಣಗಳು ಒಡೆದು, ರಕ್ತದಿಂದ ಬೇರ್ಪಡಿಸಬೇಕಾದ ತಿಳಿದ್ರವ ಸೀರಮ್ ಕೆಂಪಾಗುತ್ತದೆ. ಕೊಳವೆಯನ್ನು ಕುಲುಕದೆ, ಮೆಲ್ಲಗೆ ತಲೆಕೆಳಗು ಮಾಡಿ ನೆಟ್ಟಗೆ ನಿಲ್ಲಿಸಬೇಕು. ಅರ್ಧ ಗಂಟೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅನಂತರ ಗಿರಗಿರನೆ ತಿರುಗುವ ಸೆಂಟ್ರಿಫ್ಯೂಜ್ ಹೆಪ್ಪನ್ನು ತಳಕ್ಕೆ ತಳ್ಳಿ, ತಿಳಿ ಹಳದಿ ಸೀರಮನ್ನು ಮೇಲೆ ಉಳಿಸುತ್ತದೆ. ಇಲ್ಲಿ ತಡ ಮಾಡಿದರೆ ಕೊಳವೆಯೊಳಗಿನ ಕಣಗಳೇ ತಮ್ಮ ಪ್ರೋಟೀನುಗಳನ್ನು ಬಿಡುಗಡೆ ಮಾಡಿ ಅಳತೆಯನ್ನು ಕೆಡಿಸುತ್ತವೆ. ರೋಗಿಯಲ್ಲಿಲ್ಲದ ಉರಿಯೂತ ವರದಿಯಲ್ಲಿ ಹುಟ್ಟುತ್ತದೆ.

ಮುಂದಿನದು ಎಲೈಸಾ ಎಂಬ ಪರೀಕ್ಷೆ. 96 ಪುಟ್ಟ ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಗುಳಿಯ ತಳಕ್ಕೆ ಇಂಟರ್‌ಲ್ಯೂಕಿನ್ನನ್ನಷ್ಟೇ ಹಿಡಿಯುವ ಪ್ರತಿಕಾಯ ಅಂಟಿಸಿರುತ್ತಾರೆ. ಪೈಪೆಟ್‌ನಿಂದ ಸೀರಮ್ ಬಿಟ್ಟು, ಕಾದು, ತೊಳೆಯಬೇಕು. ಕಿಣ್ವ ಹೊತ್ತ ಎರಡನೆಯ ಪ್ರತಿಕಾಯ ಹಾಕಿ ಮತ್ತೆ ತೊಳೆಯಬೇಕು. ತೊಳೆತ ಹಗುರಾದರೆ ಎಲ್ಲ ಗುಳಿಯೂ ಬಣ್ಣ ತಿರುಗುತ್ತದೆ. ಕೊನೆಗೆ ಹಾಕುವ ದ್ರವ ನೀಲಿಯಾಗಿ, ಆಮ್ಲ ಬಿದ್ದೊಡನೆ ಹಳದಿಗೆ ತಿರುಗುತ್ತದೆ. ಹಳದಿ ಗಾಢವಾದಷ್ಟೂ ಪ್ರೋಟೀನ್ ಹೆಚ್ಚು. ಒಂದೇ ಸೀರಮನ್ನು ಎರಡು ಗುಳಿಗೆ ಬಿಡುವುದು ವಾಡಿಕೆ. ಎರಡರ ಅಂಕಿ ಹೊಂದದಿದ್ದರೆ ಕೆಲಸ ಮೊದಲಿನಿಂದ.

ಅಂಕಿ ಬಂದ ಮೇಲೂ ಅದನ್ನು ಓದುವುದು ಸುಲಭವಲ್ಲ. ವಸಡು ಊದಿದರೂ, ನೆಗಡಿ ಬಂದರೂ, ಹೊಟ್ಟೆಯ ಬೊಜ್ಜಿನಿಂದಲೂ ಸಿಆರ್‌ಪಿ ಏರುತ್ತದೆ. ನರದ ಬುಡದ ಸಂಗತಿ ಅಷ್ಟು ದೂರದ ತೋಳಿನ ರಕ್ತದಲ್ಲಿ ಎಷ್ಟು ಕಂಡೀತು ಎಂಬ ಅನುಮಾನವೂ ನ್ಯಾಯವೇ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹತ್ತಿರದಿಂದಲೇ ನೋಡಿತು: ಬೆನ್ನುಹುರಿಯ ಹೊರಪೊರೆಯ ಸುತ್ತಲ ಜಾಗವನ್ನು ತೊಳೆದ ದ್ರವದಲ್ಲಿ ಫೈಬ್ರೊನೆಕ್ಟಿನ್, ಅಗ್ರಿಕ್ಯಾನ್ ಎಂಬ ಎರಡು ಪ್ರೋಟೀನುಗಳ ಜೋಡಿ ಸಿಕ್ಕವರಿಗೆ ಇಂಜೆಕ್ಷನ್ ಹೆಚ್ಚು ಫಲ ಕೊಟ್ಟಿತ್ತು. ರಕ್ತದ ಗುರುತುಗಳ ಮಾತು ಇನ್ನೂ ಅಷ್ಟು ಖಚಿತವಾಗಿಲ್ಲ. ದಿನನಿತ್ಯದ ಚಿಕಿತ್ಸೆಗೆ ಅವು ಇಳಿದಿಲ್ಲ.

ಇಂಜೆಕ್ಷನ್ ಕೊಡುವ ಕೈಯೂ ನಿಧಾನದ್ದೇ. ರೋಗಿಯನ್ನು ಬೋರಲು ಮಲಗಿಸಿ, ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ನೋಡುತ್ತ ಸೂಜಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾರೆ. ಮೊದಲು ಎಕ್ಸ್‌ರೇಗೆ ಕಾಣುವ ಡೈ ಒಂದಿಷ್ಟು. ಅದು ನರದ ಗುಂಟ ಹರಿದರೆ ಸರಿ, ರಕ್ತನಾಳಕ್ಕೆ ಹೋದರೆ ಸೂಜಿ ಸರಿಸಬೇಕು. ಔಷಧ ಅನಂತರ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2020ರ ಕೊಕ್ರೇನ್ ವಿಮರ್ಶೆಯ ಪ್ರಕಾರ ಈ ಇಂಜೆಕ್ಷನ್ನಿನ ಸರಾಸರಿ ಲಾಭ ಅಲ್ಪ, ಅಲ್ಪಕಾಲದ್ದು. ಸರಾಸರಿಯಲ್ಲಿ ಚೆನ್ನಾಗಿ ಗುಣ ಕಂಡವರೂ ಏನೂ ಕಾಣದವರೂ ಒಟ್ಟಾಗಿಬಿಡುತ್ತಾರೆ. ಇವರನ್ನು ಬೇರ್ಪಡಿಸಲು ಸಂಶೋಧಕರು ಕೆಲವು ವಾರಗಳ ಮೇಲೆ ರೋಗಿಗೆ ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟೆಂದು ಕೇಳಿ, ಆ ಉತ್ತರವನ್ನು ಸೂಜಿಗೆ ಮುಂಚಿನ ರಕ್ತದ ಅಂಕಿಯ ಪಕ್ಕದಲ್ಲಿ ಬರೆದುಕೊಳ್ಳುತ್ತಾರೆ.