ಫೆರೈಟಿನ ಉಂಗುರಗಳಲ್ಲಿ ಜನಿಸುವ ತರಂಗ

ಗೆನ್ನಾಡಿ ಮೆಸ್ಯಾಟ್ಸ್ ಎಂಬ ಭೌತವಿಜ್ಞಾನಿಯ ನೇತೃತ್ವದಲ್ಲಿ 1977ರಲ್ಲಿ ಸೈಬೀರಿಯದ ತೋಮ್ಸ್ಕ್ ನಗರದಲ್ಲಿ ಸ್ಥಾಪಿತವಾದ ಅಧಿಕಪ್ರವಾಹ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಪ್ರಚಂಡವಾದ ಎಲೆಕ್ಟ್ರಾನ್ ಪುಂಜಗಳನ್ನು ಹೊಮ್ಮಿಸುವ ವಿದ್ಯೆಗೆ ಹೆಸರಾದುದು; ಆ ಪುಂಜವನ್ನೇ ತೊರೆದು, ಕೇವಲ ವಿದ್ಯುತ್ ಸ್ಪಂದದಿಂದ ಪ್ರಬಲ ರೇಡಿಯೋ ತರಂಗವನ್ನು ಪಡೆಯುವ ಸಾಧನವು ಪ್ರೌಢಿಯನ್ನು ಹೊಂದಿದ ನೆಲೆಗಳಲ್ಲಿಯೂ ಅದು ಪ್ರಮುಖವೆಂಬುದು ಗಮನಾರ್ಹ.

ರಡಾರಿನಲ್ಲಿಯೂ ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲಿಯೂ ನೆಲೆಗೊಂಡ ಮ್ಯಾಗ್ನೆಟ್ರಾನಿನಲ್ಲಿ, ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ನಿರ್ವಾತದಲ್ಲಿ ಧಾವಿಸುತ್ತ ತಮ್ಮ ಶಕ್ತಿಯನ್ನು ತರಂಗಕ್ಕೆ ಧಾರೆಯೆರೆಯುವುವು. ಈ ಕ್ರಮವನ್ನು ಮಹಾಶಕ್ತಿಯ ಯಂತ್ರಗಳಿಗೆ ವಿಸ್ತರಿಸಿದಾಗ ನಿರ್ವಾತವನ್ನು ಕಾಯುವ ಪಂಪುಗಳೂ, ಸವೆಯುವ ಕ್ಯಾಥೋಡೂ, ಪುಂಜವು ಲೋಹಕ್ಕೆ ಬಡಿದಾಗ ಹುಟ್ಟುವ ಕ್ಷಕಿರಣಗಳಿಂದ ರಕ್ಷಣೆಯೂ ಅನಿವಾರ್ಯವಾಗುವುವು.

ತೋಮ್ಸ್ಕಿನ ಸಾಧನದಲ್ಲಿ ಇವಾವುವೂ ಇಲ್ಲ. ಒಂದು ಲೋಹದ ಕೊಳವೆ, ಅದರ ನಡುವೆ ಒಂದು ವಾಹಕದಂಡ, ದಂಡದ ಸುತ್ತ ಸಾಲಾಗಿ ತೊಡಿಸಿದ ಫೆರೈಟಿನ ಉಂಗುರಗಳು, ಉಳಿದೆಡೆಯಲ್ಲಿ ವಿದ್ಯುನ್ನಿರೋಧಕ, ಹೊರಗೆ ಫೆರೈಟಿನ ಕಾಂತತ್ವವನ್ನು ಕೊಳವೆಯುದ್ದಕ್ಕೂ ಒಂದೇ ದಿಕ್ಕಿಗೆ ತಿರುಗಿಸಿ ನಿಲ್ಲಿಸುವ ತಂತಿಯ ಸುರುಳಿ: ಇಷ್ಟೇ ಅದರ ಶರೀರ. ಲಕ್ಷಾಂತರ ವೋಲ್ಟುಗಳ, ಕೆಲವೇ ನ್ಯಾನೊಸೆಕೆಂಡುಗಳ ಸ್ಪಂದವು ಇದನ್ನು ಪ್ರವೇಶಿಸಿದಾಗ, ಪ್ರವಾಹವು ಹೆಚ್ಚಿದೆಡೆಯಲ್ಲಿ ಫೆರೈಟಿನ ಕಾಂತಪಾರಗಮ್ಯತೆಯು ಕುಗ್ಗುವುದರಿಂದ ಹಿಂದಿನ ಭಾಗವು ವೇಗವಾಗಿ ಚಲಿಸಿ ಮುಂದಿನದನ್ನು ಹಿಡಿಯುವುದು. ಹೀಗೆ ಸ್ಪಂದದ ಮುಖವು ಕಡಿದಾಗುತ್ತ ಆಘಾತತರಂಗವಾಗುವುದು. ಅದರ ಹೊಡೆತಕ್ಕೆ ಸಿಲುಕಿದ ಕಾಂತತ್ವವು, ಓಲಾಡುವ ಬುಗುರಿಯ ಅಕ್ಷದಂತೆ, ಸುತ್ತತೊಡಗುವುದು. ಆ ಸುತ್ತಾಟವೇ ಸ್ಪಂದದ ಹಿಂದೆ ಆಂದೋಲನಗಳ ಸರಣಿಯನ್ನೆಬ್ಬಿಸಿ, ಗಿಗಾಹರ್ಟ್ಸ್ ಆಸುಪಾಸಿನ ತರಂಗವಾಗಿ ಆಂಟೆನಾದ ಮೂಲಕ ಹೊರಬೀಳುವುದು. 2010ರ ವೇಳೆಗೆ ಇಲ್ಲಿಯ ವಿಜ್ಞಾನಿಗಳು ಈ ಬಗೆಯಿಂದ ನೂರಾರು ಮೆಗಾವ್ಯಾಟುಗಳ ಕ್ಷಣಿಕ ಶಕ್ತಿಯನ್ನು ಪಡೆದಿದ್ದರು.

ಇದಕ್ಕೆ ಮಿತಿಗಳೂ ಉಂಟು. ಆಂದೋಲನವು ಕೆಲವು ಆವರ್ತಗಳಲ್ಲೇ ತಗ್ಗುವುದು. ಸ್ಪಂದಗಳನ್ನು ಎಡೆಬಿಡದೆ ಕಳುಹಿದರೆ ಫೆರೈಟು ಕಾಯುವುದು. ಆದರೂ ಸುರುಳಿಯ ಪ್ರವಾಹವನ್ನು ಬದಲಿಸಿದ ಮಾತ್ರಕ್ಕೆ ಆವೃತ್ತಿಯನ್ನು ಹೊಂದಿಸಬಹುದು. ಅಕ್ಕಪಕ್ಕದಲ್ಲಿರಿಸಿದ ಇಂಥ ಕೊಳವೆಗಳಲ್ಲಿ ಆ ಪ್ರವಾಹವನ್ನೇ ತುಸು ಹೆಚ್ಚುಕಡಿಮೆ ಮಾಡಿ, ಆಂಟೆನಾಗಳನ್ನು ಅಲುಗಿಸದೆಯೇ ವಿಕಿರಣದ ದಿಕ್ಕನ್ನೂ ತಿರುಗಿಸಬಹುದು.

ಎಲೆಕ್ಟ್ರಾನುಗಳಿಗೆ ಇಲ್ಲಿ ಕೆಲಸವಿಲ್ಲವೆಂದು ಭಾವಿಸಲಾಗದು. ಫೆರೈಟಿನ ಕಾಂತತ್ವವೆಂಬುದು ಅದರ ಪರಮಾಣುಗಳಲ್ಲಿರುವ ಎಲೆಕ್ಟ್ರಾನುಗಳ ಸ್ಪಿನ್ನಿನ ಸಮಷ್ಟಿಫಲವೇ. ನಿರ್ವಾತದಲ್ಲಿ ಓಡಿ ಮಾಡುತ್ತಿದ್ದ ಕಾರ್ಯವನ್ನು ಅವು ಇಲ್ಲಿ ಸ್ವಸ್ಥಾನವನ್ನು ಬಿಡದೆಯೇ ಮಾಡುವುವು.