ಬಿ.ಟಿ. ಹತ್ತಿಗೂ ಬಿಳಿ ನೊಣದ ಕಾಟ

2015ರಲ್ಲಿ ಪಂಜಾಬಿನ ಹತ್ತಿ ಹೊಲಗಳನ್ನು ಬಿಳಿ ನೊಣ ಹಾಳುಗೆಡವಿತು. ಅಲ್ಲಿ ಬೆಳೆದಿದ್ದುದು ಬಹುಪಾಲು ಬಿ.ಟಿ. ಹತ್ತಿಯೇ! ಕೀಟಕ್ಕೆ ಜಗ್ಗದೆಂಬ ಬೆಳೆ ಸೋತದ್ದೇಕೆ?

2002ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಈ ಹತ್ತಿಗೆ ಮಣ್ಣಿನ ಬ್ಯಾಕ್ಟೀರಿಯಾವೊಂದರ ಜೀನ್ ಸೇರಿಸಲಾಗಿದೆ. ಅದರಿಂದ ಗಿಡದಲ್ಲಿ ತಯಾರಾಗುವ ಪ್ರೋಟೀನು, ಎಲೆ-ಕಾಯಿ ಅಗಿಯುವ ಕಾಯಿಕೊರಕದ ಕರುಳನ್ನು ತೂತು ಮಾಡಿ ಕೊಲ್ಲುತ್ತದೆ. ಬಿಳಿ ನೊಣ, ಸಸ್ಯಹೇನುಗಳಾದರೋ ಅಗಿಯುವುದೇ ಇಲ್ಲ. ಸೂಜಿಯಂಥ ಬಾಯನ್ನು ಚುಚ್ಚಿ, ಗಿಡದ ಆಹಾರನಾಳದಿಂದ ರಸ ಹೀರುತ್ತವೆ. ಆ ರಸದಲ್ಲಿ ಬಿ.ಟಿ. ಪ್ರೋಟೀನು ಅತ್ಯಲ್ಪ. ಇದ್ದರೂ ಇವುಗಳ ಕರುಳಿಗೆ ಅದು ನಾಟದು.

ಹಾವೇರಿ, ರಾಯಚೂರಿನ ರೈತರೂ ಬಿ.ಟಿ. ಬೀಜ ಬಿತ್ತಿದೆವೆಂದು ನಿಶ್ಚಿಂತರಾಗುವಂತಿಲ್ಲ. ಆಗಾಗ ಎಲೆ ಮಗುಚಿ ನೋಡಲೇಬೇಕು. ಶತ್ರು ಅಡಗಿರುವುದು ಎಲೆಯ ಅಡಿಯಲ್ಲೇ.