ಕಾರಿನ ಶಾಕಪ್ಸರ್ ಹೋಗಿದೆಯೇ? ಸಾಲ ಬರೆಯುವ ಮುಂಚೆ ನೋಡೋಣ



ಸಂಘದ ಸಭೆಯಲ್ಲಿ ಹೊಲಿಗೆ ಮೆಷಿನ್ನು, ಮಕ್ಕಳ ಫೀಸು, ಆಸ್ಪತ್ರೆ ಖರ್ಚು ಎಂದು ಸಾಲ ಕೇಳುವುದು ನಮಗೆಲ್ಲ ಗೊತ್ತಿರುವ ವಿಷಯ. ಅಂಥ ಸಾಲ ಬಂದರೆ ಏನು ಕೇಳಬೇಕು, ಎಷ್ಟು ಕೊಡಬೇಕು ಎಂದು ತೀರ್ಮಾನ ಮಾಡುವುದು ನಮಗೆ ಅಭ್ಯಾಸವಾಗಿದೆ. ಆದರೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆಯ ಸಂಘಗಳಲ್ಲಿ ಇನ್ನೊಂದು ಬಗೆಯ ಸಾಲವೂ ಬರುತ್ತದೆ. ಅದು ಕಾರಿನ ರಿಪೇರಿ ಸಾಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಎಷ್ಟೋ ಮನೆಗಳಲ್ಲಿ ಗಂಡನೋ ಮಗನೋ ಟ್ಯಾಕ್ಸಿ ಓಡಿಸುತ್ತಿದ್ದಾರೆ. 2019ರ ಜನವರಿಯಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದವರು ವಿಮಾನ ನಿಲ್ದಾಣದಿಂದ ಹೆಂಗಸರೇ ಓಡಿಸುವ ಗುಲಾಬಿ ಟ್ಯಾಕ್ಸಿ ಬಿಟ್ಟಾಗ, ಈ ಕೆಲಸ ಹೆಂಗಸರದ್ದೂ ಹೌದು ಅಂತ ಎಲ್ಲರಿಗೂ ಕಂಡಿತು. ಡಿಕ್ಕಿ ಇರುವ ಕಾರು, ಅಂದರೆ ಡಿಜೈರ್, ಎಟಿಯೋಸ್‌ನಂಥ ಸೆಡಾನ್ ಗಾಡಿ, ಈಗ ಎಷ್ಟೋ ಸಂಸಾರಗಳ ಅನ್ನದ ತಟ್ಟೆ. ಅದಕ್ಕೆ ಬರುವ ಖರ್ಚನ್ನು ಮಾತ್ರ ನಾವು ಕಣ್ಣು ಮುಚ್ಚಿಕೊಂಡು ಬರೆದುಬಿಡುತ್ತೇವೆ.

ಹೀಗೇ ಆಗುವುದರಲ್ಲಿತ್ತು. ಯಲಹಂಕ ಕಡೆಯ ಒಂದು ಸಂಘದಲ್ಲಿ ಒಬ್ಬ ಸಹೋದರಿ 17,500 ರೂಪಾಯಿ ಆಂತರಿಕ ಸಾಲ ಕೇಳಿದರು. "ನಾಲ್ಕೂ ಶಾಕಪ್ಸರ್ ಹೋಗಿದೆಯಂತೆ, ಇವತ್ತೇ ಹಾಕಿಸಬೇಕಂತೆ" ಅಂದರು. ಗಾಡಿ 1,12,000 ಕಿಲೋಮೀಟರ್ ಓಡಿತ್ತು. ಮುಂದಿನ ಎಡಗಡೆ ಚಕ್ರದಲ್ಲಿ ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ಸಭೆಯಲ್ಲಿದ್ದ ಹಿರಿಯರೊಬ್ಬರು, ಕಾರು ಬಿಡಿ, ಸೈಕಲ್ಲೂ ತುಳಿದವರಲ್ಲ, ಒಂದೇ ಪ್ರಶ್ನೆ ಕೇಳಿದರು: "ಸದ್ದು ಒಂದು ಕಡೆ ಬಂದರೆ ನಾಲ್ಕೂ ಹೆಂಗೆ ಹೋಯ್ತವ್ವ? ಯಾರು ನೋಡಿದ್ರು?" ಯಾರೂ ಸರಿಯಾಗಿ ನೋಡಿರಲಿಲ್ಲ. ಗ್ಯಾರೇಜಿನವರು ಗಾಡಿ ಓಡಿಸಿದ್ದರು ಅಷ್ಟೆ, ಎತ್ತಿ ಕೆಳಗೆ ನೋಡಿರಲಿಲ್ಲ. ಆ ಪ್ರಶ್ನೆಯಿಂದಲೇ ನಮಗೂ ಈ ವಿಷಯ ಕಲಿಯಬೇಕು ಅನ್ನಿಸಿತು.

ಶಾಕ್ ಅಬ್ಸಾರ್ಬರ್, ನಮ್ಮ ಬಾಯಲ್ಲಿ ಶಾಕಪ್ಸರ್, ಗಾಡಿಯ ಭಾರ ಹೊರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಭಾರ ಹೊರುವುದು ಸ್ಪ್ರಿಂಗು. ಆದರೆ ಸ್ಪ್ರಿಂಗಿಗೆ ನಿಲ್ಲುವ ಬುದ್ಧಿ ಇಲ್ಲ. ತೊಟ್ಟಿಲನ್ನು ಒಮ್ಮೆ ತಳ್ಳಿಬಿಟ್ಟರೆ ಅದು ಆಡುತ್ತಲೇ ಇರುತ್ತದಲ್ಲ, ಹಾಗೆ ಗುಂಡಿಗೆ ಇಳಿದು ಎದ್ದ ಗಾಡಿ ಸ್ಪ್ರಿಂಗ್ ಮೇಲೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದೇ ಶಾಕಪ್ಸರಿನ ಕೆಲಸ.

ಹೇಗೆ ಹಿಡಿಯುತ್ತದೆ? ಚಕ್ಕುಲಿ ಒರಳನ್ನು ನೆನೆಸಿಕೊಳ್ಳಿ. ಹಿಟ್ಟು ತುಂಬಿ ಮೇಲಿಂದ ಒತ್ತಿದರೆ ಸಣ್ಣ ತೂತುಗಳಿಂದ ಹಿಟ್ಟು ನಿಧಾನವಾಗಿ ಬರುತ್ತದೆ. ನಿಧಾನ ಒತ್ತಿದರೆ ಸುಲಭ, ಒಮ್ಮೆಲೇ ಒತ್ತಿದರೆ ಕೈ ನೋಯುತ್ತದೆ. ಶಾಕಪ್ಸರ್ ಒಳಗೂ ಹೀಗೆಯೇ. ಒಂದು ಕೊಳವೆ, ಅದರ ತುಂಬ ಎಣ್ಣೆ, ಎಣ್ಣೆಯಲ್ಲಿ ಓಡಾಡುವ ಒಂದು ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು, ಅವಕ್ಕೆ ವಾಲ್ವ್. ಚಕ್ರ ಮೇಲೆ ಕೆಳಗೆ ಆದಾಗಲೆಲ್ಲ ಎಣ್ಣೆ ಆ ತೂತುಗಳಲ್ಲಿ ಕಷ್ಟಪಟ್ಟು ನುಗ್ಗಬೇಕು. ಆ ಕಷ್ಟವೇ ಕುಣಿತವನ್ನು ನಿಲ್ಲಿಸುತ್ತದೆ. ಕುಣಿತದ ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ. ಕಾಲ ಕಳೆದಂತೆ ಮೇಲಿನ ಸೀಲ್ ಸವೆದು ಎಣ್ಣೆ ಸೋರುತ್ತದೆ, ವಾಲ್ವ್ ಸಡಿಲವಾಗುತ್ತದೆ. ಆಗ ಚಕ್ಕುಲಿ ಹಿಟ್ಟಿಗೆ ನೀರು ಜಾಸ್ತಿಯಾದ ಹಾಗೆ: ಒರಳು ಇದೆ, ಒತ್ತುತ್ತೀರಿ, ಕೈಗೆ ಏನೂ ತಡೆ ಸಿಗುವುದಿಲ್ಲ.

ನಮ್ಮ ಕಡೆ ಇದು ಬೇಗ ಸವೆಯಲು ಕಾರಣ ಹೇಳಬೇಕಾಗಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ರಸ್ತೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇದ್ದು ದುಂಡಗೆ ಏರಿ ಇಳಿಯಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂತಿರಬೇಕು. ನಮ್ಮ ಅಡ್ಡರಸ್ತೆಗಳಲ್ಲಿ ಅಂಥದ್ದನ್ನು ಹುಡುಕಿಕೊಂಡು ಹೋಗಬೇಕು. ಮನೆಯವರೇ ಸಿಮೆಂಟು ಸುರಿದು ಕಟ್ಟಿದ ದಿಣ್ಣೆಗಳೇ ಜಾಸ್ತಿ. ಟ್ಯಾಕ್ಸಿಯ ಲೆಕ್ಕವೂ ಬೇರೆ. ದಿನಕ್ಕೆ 200 ಕಿಲೋಮೀಟರ್, ತಿಂಗಳಿಗೆ 25 ದಿನ ಓಡಿದರೆ ವರ್ಷಕ್ಕೆ 60,000. ಮನೆ ಬಳಕೆಯ ಕಾರು ಐದಾರು ವರ್ಷದಲ್ಲಿ ಓಡುವುದನ್ನು ಟ್ಯಾಕ್ಸಿ ಒಂದೇ ವರ್ಷದಲ್ಲಿ ಓಡಿ ಮುಗಿಸುತ್ತದೆ. ಆದ್ದರಿಂದ "ಗಾಡಿ ತಗೊಂಡು ಎರಡೇ ವರ್ಷ ಆಯ್ತು" ಅನ್ನುವ ಮಾತು ನಡೆಯುವುದಿಲ್ಲ. ವರ್ಷ ನೋಡಬೇಡಿ, ಮೀಟರ್ ನೋಡಿ. 20,000 ಕಿಲೋಮೀಟರಿಗೊಮ್ಮೆ ಗಾಡಿ ಎತ್ತಿಸಿ ನೋಡಿಸುವುದು ಒಳ್ಳೆಯದು. 80,000 ದಾಟಿದ ಮೇಲಂತೂ ಬಿಡಲೇಬಾರದು.

ಈಗ ಪರೀಕ್ಷೆಗೆ ಬರೋಣ. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ, ಮನೆ ಮುಂದೆ ನಿಂತ ಗಾಡಿಯಲ್ಲೇ ನಾವೇ ಮಾಡಬಹುದು.

ಮೊದಲು ಟೈರಿನ ಮೇಲೆ ಅಂಗೈ ಇಟ್ಟು ಸುತ್ತಲೂ ಸವರಿ. ರೊಟ್ಟಿ ತಟ್ಟುವ ಕೈಗೆ ಉಬ್ಬುತಗ್ಗು ಬೇಗ ತಿಳಿಯುತ್ತದೆ. ಟೈರು ಒಂದೇ ಸಮ ಸವೆದಿದ್ದರೆ ಸರಿ. ಅಲ್ಲಲ್ಲಿ ಬೊಗಸೆಯಂತೆ ತಗ್ಗು ಬಿದ್ದು ಅಲೆಅಲೆಯಾಗಿ ಸಿಕ್ಕರೆ, ಚಕ್ರ ರಸ್ತೆಯ ಮೇಲೆ ಉರುಳುವ ಬದಲು ಕುಪ್ಪಳಿಸುತ್ತಿದೆ ಎಂದು ಅರ್ಥ. ಬರೀ ಒಳ ಅಂಚು ಅಥವಾ ಬರೀ ಹೊರ ಅಂಚು ಸವೆದಿದ್ದರೆ ಅದು ಹೆಚ್ಚಾಗಿ ಅಲೈನ್‌ಮೆಂಟ್ ದೋಷ, ಶಾಕಪ್ಸರಿನದಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಮೋಸ ತಪ್ಪುತ್ತದೆ.

ಆಮೇಲೆ ಗಾಡಿಯ ಒಂದೊಂದು ಮೂಲೆಯನ್ನೂ ಎರಡು ಕೈಯಲ್ಲಿ ಬಲವಾಗಿ ಎರಡು ಮೂರು ಸಲ ಒತ್ತಿ ಬಿಟ್ಟುಬಿಡಿ. ಮೇಲೆ ಬಂದು ನಿಂತರೆ ಸರಿ. ಎರಡು ಮೂರು ಸಲ ತೂಗಾಡಿದರೆ ಆ ಮೂಲೆಯ ಶಾಕಪ್ಸರ್ ಸತ್ತಿದೆ. ಆದರೆ ಒಂದು ಎಚ್ಚರಿಕೆ: ಈ ಪರೀಕ್ಷೆಯಲ್ಲಿ ಪೂರ್ತಿ ಹಾಳಾದದ್ದು ಮಾತ್ರ ಸಿಕ್ಕಿಬೀಳುತ್ತದೆ. ಅರ್ಧ ಸವೆದದ್ದು ಕೈಯ ಒತ್ತಡಕ್ಕೆ ಚೆನ್ನಾಗಿರುವ ಹಾಗೆ ನಟಿಸುತ್ತದೆ. ಅದಕ್ಕೆ ಚಕ್ರದ ಹಿಂದೆ ಬಗ್ಗಿ ನೋಡಿ. ಕೊಳವೆಯ ಮೇಲೆ ಸ್ವಲ್ಪ ತೇವ, ಧೂಳು ಮೆತ್ತಿದ್ದರೆ ಗಾಬರಿ ಬೇಡ. ಎಣ್ಣೆ ಧಾರೆಯಾಗಿ ಕೆಳಗಿನವರೆಗೆ ಇಳಿದಿದ್ದರೆ ಅದರ ಆಯಸ್ಸು ಮುಗಿದಿದೆ.

ಓಡಿಸುವವರನ್ನೂ ಕೇಳಿ. ಬ್ರೇಕ್ ಹಾಕಿದಾಗ ಮೂತಿ ಕೆಳಗೆ ಕುಸಿಯುತ್ತದೆಯೇ? ಹೆಬ್ಬಾಳ ಮೇಲ್ಸೇತುವೆಯ ತಿರುವಿನಲ್ಲಿ ಜೋಡಣೆಯ ಪಟ್ಟಿಗಳ ಮೇಲೆ ಹೋಗುವಾಗ ಗಾಡಿ ಪಕ್ಕಕ್ಕೆ ಜಾರಿದಂತೆ ಆಗುತ್ತದೆಯೇ? ಹಿಂದಿನ ಸೀಟಿನವರಿಗೆ ವಾಂತಿ ಬರುವಂತಾಗುತ್ತದೆಯೇ? ಹೌದು ಅಂದರೆ ಇದು ಬರೀ ಸುಖ ಪ್ರಯಾಣದ ಮಾತಲ್ಲ. ಕುಪ್ಪಳಿಸುವ ಚಕ್ರ ರಸ್ತೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಹಿಡಿಯದ ಚಕ್ರಕ್ಕೆ ಎಷ್ಟು ಬ್ರೇಕ್ ಹಾಕಿದರೂ ಗಾಡಿ ತಡವಾಗಿ ನಿಲ್ಲುತ್ತದೆ. ಮಳೆಯಲ್ಲಿ ಇನ್ನೂ ಕಷ್ಟ. ಯಶವಂತಪುರ ಕಡೆಯ ಒಬ್ಬ ಸಹೋದರಿಯ ಮನೆಯಲ್ಲಿ "ಆಮೇಲೆ ಮಾಡಿಸೋಣ" ಅಂತ ನಾಲ್ಕು ತಿಂಗಳು ತಳ್ಳಿದರು. ಎರಡು ಹೊಸ ಟೈರು ತಿಂದುಹೋಯಿತು. ಉಳಿಸಿದ ದುಡ್ಡಿಗಿಂತ ಟೈರಿನ ದುಡ್ಡು ಜಾಸ್ತಿಯಾಯಿತು.

ಇನ್ನು ಸದ್ದಿನ ವಿಷಯ. ಮುಂದಿನ ಚಕ್ರದಿಂದ ಸದ್ದು ಬಂದ ಕೂಡಲೇ ಶಾಕಪ್ಸರ್ ಹೋಯಿತು ಅನ್ನುವುದು ನಮ್ಮ ಕಡೆ ಒಂದು ರೋಗವಾಗಿಬಿಟ್ಟಿದೆ. ನಿಧಾನವಾಗಿ ಹೋಗುವಾಗ ಸಣ್ಣ ಸಣ್ಣ ಗುಂಡಿಗೆ ಟಕ್ ಟಕ್ ಅಂದರೆ ಹೆಚ್ಚಾಗಿ ಅದು ಲಿಂಕ್ ರಾಡ್. ನಿಂತ ಗಾಡಿಯ ಸ್ಟೇರಿಂಗ್ ತಿರುಗಿಸಿದಾಗ ಮೇಲ್ಗಡೆ ಕಿರ್ರ್ ಅಂದರೆ ಅಥವಾ ಟಣ್ ಎಂದು ಹಾರಿದಂತಾದರೆ ಶಾಕಪ್ಸರಿನ ತಲೆಯ ಮೇಲಿರುವ ಮೌಂಟಿಂಗ್ ಅಥವಾ ಬೇರಿಂಗ್. ಹಂಪ್ ಇಳಿಯುವಾಗ ಧಡ್ ಎಂದು ದಪ್ಪ ಸದ್ದು ಬಂದರೆ ಲೋವರ್ ಆರ್ಮ್ ಬುಷ್ ಇರಬಹುದು. ಲಿಂಕ್ ರಾಡ್, ಬುಷ್ಷು ಶಾಕಪ್ಸರಿಗಿಂತ ಕಡಿಮೆ ಬೆಲೆಯವು. ನಿಜ ಹೇಳಬೇಕೆಂದರೆ ಶಾಕಪ್ಸರ್ ಸಾಯುವುದು ಎಷ್ಟೋ ಸಲ ಸದ್ದಿಲ್ಲದೆ. ಓಡಿಸುವವರಿಗೆ ದಿನವೂ ಸ್ವಲ್ಪ ಸ್ವಲ್ಪ ಅಭ್ಯಾಸವಾಗುವುದರಿಂದ ಅವರಿಗೇ ತಿಳಿಯುವುದಿಲ್ಲ.

ಯಲಹಂಕದ ಗಾಡಿಯನ್ನು ಬೇರೆ ಗ್ಯಾರೇಜಿನಲ್ಲಿ ಎತ್ತಿಸಿ ನೋಡಿದಾಗ ಹೀಗೆಯೇ ಕಂಡಿತು. ಸದ್ದು ಲಿಂಕ್ ರಾಡಿನದು. ಮುಂದಿನ ಎಡ ಶಾಕಪ್ಸರ್ ಎಣ್ಣೆ ಸೋರಿ ಒದ್ದೆಯಾಗಿದ್ದೂ ನಿಜ. ಹಿಂದಿನ ಎರಡೂ ಒಣಗಿ ಗಟ್ಟಿಯಾಗಿದ್ದವು.

"ಸೋರುತ್ತಿರುವ ಒಂದನ್ನೇ ಹಾಕಿಸಿದರೆ ಸಾಲದೇ?" ಎಂದು ಆ ಸಹೋದರಿ ಕೇಳಿದರು. ಸಾಲದು. ಒಂದು ಕಡೆ ಹೊಸದು, ಇನ್ನೊಂದು ಕಡೆ ಲಕ್ಷ ಕಿಲೋಮೀಟರ್ ಓಡಿದ್ದು ಇದ್ದರೆ ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಗಾಡಿ ಎರಡು ಪಕ್ಕ ಎರಡು ರೀತಿ ವರ್ತಿಸುತ್ತದೆ. ಆದ್ದರಿಂದ ಮುಂದಿನದಾದರೆ ಮುಂದಿನ ಎರಡೂ, ಹಿಂದಿನದಾದರೆ ಹಿಂದಿನ ಎರಡೂ. ನಾಲ್ಕನ್ನೂ ಒಟ್ಟಿಗೆ ಹಾಕಿಸಲೇಬೇಕೆಂಬ ನಿಯಮ ಇಲ್ಲ. ಹಾಗೆ ಹೇಳುವವರನ್ನು ಒಂದೊಂದೂ ತೋರಿಸಿ ಎನ್ನಿ.

ಮಾಲು ಆರಿಸುವಾಗ ಗಾಡಿ ಯಾವ ವರ್ಷದ್ದು, ಪೆಟ್ರೋಲೋ ಡೀಸೆಲ್ಲೋ ಎಂದು ಆರ್.ಸಿ. ತೋರಿಸಿ ಕೇಳಿ; ಒಂದೇ ಹೆಸರಿನ ಕಾರಿಗೂ ಮಾಡೆಲ್ ಬದಲಾದಂತೆ ಭಾಗ ಬದಲಾಗುತ್ತದೆ. ಮುಂದಿನ ಶಾಕಪ್ಸರಿನಲ್ಲಿ ಎಡ ಬಲ ಬೇರೆ ಬೇರೆ ಇರುವುದೂ ಉಂಟು. ಸಿಎನ್‌ಜಿ ಗಾಡಿಯಲ್ಲಿ ಡಿಕ್ಕಿಯಲ್ಲಿ ಸದಾ ಸಿಲಿಂಡರಿನ ಭಾರ ಇರುತ್ತದೆ, ಹಿಂಭಾಗ ಕುಳಿತುಕೊಂಡಿದ್ದರೆ ಶಾಕಪ್ಸರ್ ಬದಲಾಯಿಸಿ ಪ್ರಯೋಜನ ಇಲ್ಲ, ಸ್ಪ್ರಿಂಗ್ ನೋಡಿಸಬೇಕು. ಕಾರು ಕಂಪನಿಯ ಮಾಲು, ಇಲ್ಲವೇ ಗೇಬ್ರಿಯಲ್, ಮನ್ರೋ, ಕೆವೈಬಿ ಇಂಥ ಹೆಸರಿನ ಕಂಪನಿ ಮಾಲು, ಯಾವುದಾದರೂ ಸರಿ. ಗೇಬ್ರಿಯಲ್ ಕಾರ್ಖಾನೆ ನಮ್ಮ ಪಕ್ಕದ ಹೊಸೂರಿನಲ್ಲೇ ಇದೆ. ಗ್ಯಾಸ್ ತುಂಬಿದ್ದು ಬೇಕೇ ಎಂದು ಅಂಗಡಿಯವರು ಕೇಳುತ್ತಾರೆ. ಬಿಡುವಿಲ್ಲದೆ ಓಡುವ ಗಾಡಿಯಲ್ಲಿ ಎಣ್ಣೆ ಬಿಸಿಯಾಗಿ ನೊರೆಯಾಗುತ್ತದೆ, ನೊರೆ ಎಣ್ಣೆಗೆ ತಡೆಯುವ ಶಕ್ತಿ ಇಲ್ಲ. ಆ ನೊರೆ ಕಡಿಮೆ ಮಾಡಲು ಒಳಗೆ ನೈಟ್ರೋಜನ್ ತುಂಬಿರುತ್ತಾರೆ. ಗಾಡಿಗೆ ಕಂಪನಿಯಿಂದ ಏನು ಬಂದಿತ್ತೋ ಅದನ್ನೇ ಹಾಕಿಸುವುದು ನಮ್ಮ ಸಲಹೆ.

ಜೆ.ಸಿ. ರಸ್ತೆಯಲ್ಲಿ ಬೆಲೆ ವಿಚಾರಿಸಿಕೊಂಡು ಬಂದರೆ ಇಲ್ಲಿನ ಬೆಲೆ ನ್ಯಾಯವೋ ಅಲ್ಲವೋ ತಿಳಿಯುತ್ತದೆ. ಆದರೆ ಗುಜರಿಯಿಂದ ಹಳೆಯದನ್ನು ತರಬೇಡಿ. ಒರೆಸಿ ಕಪ್ಪು ಬಣ್ಣ ಹೊಡೆದರೆ ಹೊರಗಿನಿಂದ ಹೊಸದರ ಹಾಗೇ ಕಾಣುತ್ತದೆ, ಒಳಗೆ ಚಕ್ಕುಲಿ ಹಿಟ್ಟು ನೀರಾಗಿರುತ್ತದೆ. "ಎಣ್ಣೆ ತುಂಬಿ ರಿಪೇರಿ ಮಾಡಿಕೊಡ್ತೀವಿ" ಅನ್ನುವುದಕ್ಕೂ ಒಪ್ಪಬೇಡಿ. ಬಿಲ್ಲು ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿದಿದೆ, ಹಳೇ ದರದಲ್ಲೇ ಬರೆದುಕೊಟ್ಟರೆ ಕೇಳುವ ಹಕ್ಕು ನಮಗಿದೆ.

ಬದಲಾಯಿಸುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಬೇಡಿ, ಮಗ ಎಷ್ಟೇ ಬುದ್ಧಿವಂತನಾದರೂ. ಈ ಗಾಡಿಗಳ ಮುಂಭಾಗದಲ್ಲಿ ಶಾಕಪ್ಸರಿನ ಸುತ್ತಲೇ ಸ್ಪ್ರಿಂಗ್ ಇರುತ್ತದೆ. ಅದನ್ನು ಅಮುಕಿ ಹಿಡಿಯುವ ಸಲಕರಣೆ ಇಲ್ಲದೆ ಮೇಲಿನ ನಟ್ಟು ಬಿಚ್ಚಿದರೆ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ, ಮುಖಕ್ಕೆ ಬಡಿದರೆ ಜೀವಕ್ಕೇ ಅಪಾಯ. ಗ್ಯಾರೇಜಿನಲ್ಲಿ ಆ ಸಲಕರಣೆ ಇದೆಯೇ ಎಂದು ನೋಡಿಯೇ ಗಾಡಿ ಬಿಡಿ. ಹೇಗೂ ಬಿಚ್ಚುತ್ತಾರೆ, ಆಗ ಮೌಂಟಿಂಗ್, ಬೇರಿಂಗ್, ಒಳಗಿನ ರಬ್ಬರ್, ಧೂಳಿನ ಕವರ್ ಸವೆದಿದ್ದರೆ ಒಟ್ಟಿಗೇ ಹಾಕಿಸಿ. ಇಲ್ಲದಿದ್ದರೆ ಅದೇ ಕೂಲಿಯನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ. ಮುಂದಿನದು ಬದಲಾಯಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಬಿಚ್ಚಿದ ಹಳೆಯ ಭಾಗಗಳನ್ನು ಡಿಕ್ಕಿಗೆ ಹಾಕಿಕೊಡಲು ಮೊದಲೇ ಹೇಳಿಬಿಡಿ.

ಕೊನೆಗೆ ಆ ಸಹೋದರಿಗೆ ಬಂದ ಬಿಲ್ಲು ಹೀಗಿತ್ತು: ಮುಂದಿನ ಶಾಕಪ್ಸರ್ ಎರಡಕ್ಕೆ 5,200, ಮೌಂಟಿಂಗ್ ಬೇರಿಂಗ್ ಸಮೇತ 1,600, ಲಿಂಕ್ ರಾಡ್ ಎರಡಕ್ಕೆ 1,100, ಕೂಲಿ 1,200, ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ 700. ಒಟ್ಟು 9,800 ರೂಪಾಯಿ. ಕೇಳಿದ್ದಕ್ಕಿಂತ 7,700 ಕಡಿಮೆ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ, ಮೊದಲ ತಿಂಗಳ ಬಡ್ಡಿಯಲ್ಲೇ 154 ರೂಪಾಯಿ ಉಳಿಯಿತು. ಉಳಿದ ಸಾಲವನ್ನು ಅದೇ ಸಭೆಯಲ್ಲಿ ಇನ್ನೊಬ್ಬ ಸದಸ್ಯೆಗೆ ಕಾಲೇಜು ಫೀಸಿಗೆ ಕೊಡಲು ಆಯಿತು. ಸಂಘದವರು ನಡಾವಳಿ ಪುಸ್ತಕದಲ್ಲಿ ಸಾಲದ ಮೊತ್ತದ ಪಕ್ಕದಲ್ಲೇ ಗಾಡಿಯ ಮೀಟರ್ ಅಂಕಿಯನ್ನೂ ಬರೆದಿಟ್ಟುಕೊಂಡಿದ್ದಾರೆ. ಹಿಂದಿನ ಎರಡನ್ನು 1,32,000ಕ್ಕೆ ಮತ್ತೆ ಎತ್ತಿಸಿ ನೋಡಬೇಕು ಎಂದು ಕೆಂಪು ಶಾಯಿಯಲ್ಲಿದೆ.